ಗೀಳು ಮನೋರೋಗಕ್ಕೆ ಗುಳಿಗೆಯೋ, ಇಆರ್‌ಪಿಯೋ, ಎರಡೂ ಸೇರಿಯೋ: ಆಯ್ಕೆಗೊಂದು ಮಾರ್ಗದರ್ಶಿ

ಹುಬ್ಬಳ್ಳಿಯಲ್ಲಿ ಎಂಟು ದಿನಕ್ಕೊಮ್ಮೆ ನಳ ಬರುತ್ತಿದ್ದ ಕಾಲದಲ್ಲಿ ನಮ್ಮ ಹಿತ್ತಲಿನಲ್ಲಿ ಮೂರು ಬ್ಯಾರಲ್ ನೀರು ತುಂಬಿಡುತ್ತಿದ್ದೆವು. ದುರ್ಗದಬೈಲಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ತಮ್ಮ ರಾತ್ರಿ ಮನೆಗೆ ಬಂದವನೇ ಬಚ್ಚಲಿಗೆ ಹೋಗಿ, ದಿನವಿಡೀ ನೋಟು ಎಣಿಸಿದ ಕೈಗಳನ್ನು ತೊಳೆಯಲು ನಿಲ್ಲುತ್ತಿದ್ದ. ಮೊದಲು ಮೊಣಕೈಯವರೆಗೆ ಸಾಬೂನು, ಆಮೇಲೆ ಬೆರಳ ಸಂದು, ಉಗುರಿನ ಬುಡ. ಬಳಿಕ ಸಾಬೂನನ್ನೇ ತೊಳೆಯುವುದು, ತಂಬಿಗೆಯನ್ನು ತೊಳೆಯುವುದು, ತಂಬಿಗೆ ಮುಟ್ಟಿದ್ದಕ್ಕೆ ಮತ್ತೆ ಕೈ ತೊಳೆಯುವುದು. ನಡುವೆ ಎಣಿಕೆ ತಪ್ಪಿದರೆ ಎಲ್ಲವೂ ಮೊದಲಿನಿಂದ. ಎಂಟು ದಿನಕ್ಕೆಂದು ತುಂಬಿಟ್ಟ ನೀರು ನಾಲ್ಕನೆಯ ದಿನಕ್ಕೇ ತಳ ಕಂಡಾಗ ಅವ್ವ ಸಿಟ್ಟಿಗೇಳುತ್ತಿದ್ದಳು. ಅವನು ಬಿರುಕು ಬಿಟ್ಟ ಅಂಗೈಗಳನ್ನು ಮುಂದೆ ಚಾಚಿ ಅಳುತ್ತಿದ್ದ: “ಕೈ ಸ್ವಚ್ಛ ಅದಾವು ಅಂತ ನನಗೂ ಗೊತ್ತೈತಿ ಬೇ ಯವ್ವಾ. ಆದ್ರ ಬಿಡಾಕ ಆಗವಲ್ದು.”

ಗೊತ್ತಿದ್ದೂ ಬಿಡಲಾಗದಿರುವುದೇ ಈ ಕಾಯಿಲೆಯ ತಿರುಳು. ಕನ್ನಡದಲ್ಲಿ ಗೀಳು ಮನೋರೋಗವೆಂದೂ ಆಸ್ಪತ್ರೆಯ ಮಾತಿನಲ್ಲಿ ಒಸಿಡಿ ಎಂದೂ ಕರೆಯುವ ಇದಕ್ಕೆ ಪರಿಣಾಮ ಸಾಬೀತಾಗಿರುವ ಎರಡು ಮುಖ್ಯ ಚಿಕಿತ್ಸೆಗಳಿವೆ. ಒಂದು, ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಗುಳಿಗೆಗಳು. ಇನ್ನೊಂದು, ಭಯವನ್ನು ಎದುರಿಸಿ, ಮತ್ತೆ ಮತ್ತೆ ಮಾಡಲೇಬೇಕೆನಿಸುವ ಕ್ರಿಯೆಯನ್ನು ಅಂದರೆ ಆಚರಣೆಯನ್ನು ತಡೆಹಿಡಿಯಲು ಕಲಿಸುವ ಇಆರ್‌ಪಿ ಎಂಬ ಮನಶ್ಚಿಕಿತ್ಸೆ. ತಮ್ಮನ ಕಾಯಿಲೆಯ ಹೆಸರು ತಿಳಿದ ಮೇಲೂ ನಾವು ಎರಡು ವರ್ಷ ಕಳೆದುಕೊಂಡೆವು. ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ ಕೊಟ್ಟು ನಿಲ್ಲಿಸಿದೆವು. ಕೌನ್ಸೆಲಿಂಗ್ ಎಂದು ಹೋದ ಕಡೆ ಧೈರ್ಯದ ಮಾತು ಕೇಳಿ ತಿರುಗಿ ಬಂದೆವು. ಎರಡನ್ನೂ ಅರ್ಧಂಬರ್ಧ ಮಾಡಿ, ಎರಡೂ ಉಪಯೋಗವಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಟ್ಟಿದ್ದೆವು. ಆದ್ದರಿಂದ ಇಲ್ಲಿ ಯಾವ ಚಿಕಿತ್ಸೆ ಯಾರಿಗೆ ಹೊಂದುತ್ತದೆ ಎಂಬುದರ ಜೊತೆಗೆ, ಆರಿಸಿಕೊಂಡದ್ದು ಪೂರ್ತಿಯಾಗಿ ನಡೆಯುತ್ತಿದೆಯೇ ಎಂದು ತಿಳಿದುಕೊಳ್ಳುವ ಬಗೆಯನ್ನೂ ಬರೆಯುತ್ತಿದ್ದೇನೆ. ಗುಳಿಗೆಯ ಹೆಸರು ಮತ್ತು ಪ್ರಮಾಣವನ್ನು ನಿರ್ಧರಿಸುವವರು ವೈದ್ಯರೇ; ಅವರ ಮುಂದೆ ಕುಳಿತಾಗ ಕೇಳಬೇಕಾದ್ದನ್ನು ತಿಳಿದಿರುವುದು ನಮ್ಮ ಕೆಲಸ.

ಮೊದಲು ಕಾಯಿಲೆಯನ್ನು ಗುರುತಿಸುವುದು

ಬೇಡವೆಂದರೂ ಮನಸ್ಸಿಗೆ ನುಗ್ಗುವ ಯೋಚನೆ, ಚಿತ್ರ ಅಥವಾ ತುಡಿತ ಗೀಳಿನ ಒಂದು ಮುಖ. ಅದು ಎಬ್ಬಿಸಿದ ಕಳವಳವನ್ನು ತಗ್ಗಿಸಲು ಮಾಡಲೇಬೇಕೆನಿಸುವ ಕ್ರಿಯೆ ಇನ್ನೊಂದು ಮುಖ. ತೊಳೆಯುವುದು, ಕೀಲಿ ಹಾಕಿದೆಯೇ ಗ್ಯಾಸ್ ಬಂದ್ ಆಗಿದೆಯೇ ಎಂದು ನೋಡುವುದು, ಎಣಿಸುವುದು, ವಸ್ತುಗಳನ್ನು ಸರಿಸಮ ಜೋಡಿಸುವುದು ಕಣ್ಣಿಗೆ ಕಾಣುವ ಬಗೆಗಳು. ಕಣ್ಣಿಗೆ ಕಾಣದ ಬಗೆಗಳು ಇವಕ್ಕಿಂತ ಹೆಚ್ಚು ನೋವು ಕೊಡುತ್ತವೆ: ದೇವರ ಮುಂದೆ ಕೈಮುಗಿದು ನಿಂತಾಗ ಹೊಲಸು ಚಿತ್ರ ಮೂಡುವುದು, ಕೈಯಲ್ಲಿ ಈಳಿಗೆ ಇರುವಾಗ ಮಗುವಿಗೆ ಏನಾದರೂ ಮಾಡಿಬಿಟ್ಟರೆ ಎಂಬ ದಿಗಿಲು ಹುಟ್ಟುವುದು, ಅದಕ್ಕೆ ಪ್ರಾಯಶ್ಚಿತ್ತವೆಂದು ಮನಸ್ಸಿನೊಳಗೇ ನೂರೆಂಟು ಸಲ ಜಪ ಮಾಡುವುದು. ಹೀಗೆ ಒಳಗೊಳಗೇ ನಡೆಯುವ ಆಚರಣೆಯೂ ಆಚರಣೆಯೇ. 1978ರಲ್ಲಿ ರಾಕ್ಮನ್ ಮತ್ತು ಡಿ ಸಿಲ್ವಾ ಎಂಬ ಸಂಶೋಧಕರು ಆರೋಗ್ಯವಂತರನ್ನು ವಿಚಾರಿಸಿದಾಗ, ಅವರಲ್ಲಿ ಸುಮಾರು ಶೇ. 80ರಷ್ಟು ಜನ ತಮಗೂ ಇಂಥ ಅಸಂಬದ್ಧ, ಅಸಹ್ಯ ಯೋಚನೆಗಳು ಬರುತ್ತವೆ ಎಂದಿದ್ದರು. ಯೋಚನೆ ಎಲ್ಲರಿಗೂ ಬಂದು ಹೋಗುತ್ತದೆ; ಗೀಳು ಇರುವವರು ಅದಕ್ಕೆ ಭಯಂಕರ ಅರ್ಥ ಕಟ್ಟಿಕೊಂಡು ಅದರೊಡನೆ ಸೆಣಸಲು ನಿಲ್ಲುತ್ತಾರೆ. ಅಂಥ ಯೋಚನೆಯಿಂದ ನಡುಗುವ ಬಾಣಂತಿ ಮಗುವಿಗೆ ಅಪಾಯಕಾರಿಯೆಂದು ಮನೆಯವರು ತಿಳಿಯಬಾರದು. ತನ್ನ ಇಚ್ಛೆಗೆ ತೀರ ವಿರುದ್ಧವಾದ ಯೋಚನೆಯಾದ್ದರಿಂದಲೇ ಆಕೆ ನಡುಗುತ್ತಿರುತ್ತಾಳೆ. ಆದರೆ ಹೆರಿಗೆಯ ನಂತರ ಇಲ್ಲದ ದನಿ ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಗಟ್ಟಿಯಾಗುವುದು ಕಂಡುಬಂದರೆ ಅದು ಬೇರೆಯೇ ಕಾಯಿಲೆ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮ ಕಡೆ ಇದನ್ನು ಮಡಿಯೊಂದಿಗೆ ಬೆರೆಸುವವರು ಬಹಳ. ಮಡಿಯುಟ್ಟು ಅಡುಗೆ ಮಾಡುವ ಅಜ್ಜಿಗೆ ಕಾಯಿಲೆಯಿದೆ ಎನ್ನುವುದು ಎಷ್ಟು ತಪ್ಪೋ, ತಾಸುಗಟ್ಟಲೆ ಬಚ್ಚಲಲ್ಲಿ ನಿಲ್ಲುವ ಸೊಸೆಯನ್ನು “ಭಾಳ ಮಡಿವಂತಿ” ಎಂದು ಬಿಟ್ಟುಬಿಡುವುದೂ ಅಷ್ಟೇ ತಪ್ಪು. ಮಡಿಗೆ ಒಂದು ಕ್ರಮವಿದೆ, ಕೊನೆಯಿದೆ, ಮುಗಿದಾಗ ಮನಸ್ಸಿಗೆ ಸಮಾಧಾನವಿದೆ. ಗೀಳಿನ ತೊಳೆತಕ್ಕೆ ಮುಗಿಯಿತೆಂಬ ಭಾವನೆಯೇ ಬರುವುದಿಲ್ಲ. ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಇದರಲ್ಲೇ ಹೋಗುತ್ತಿದ್ದರೆ, ಅಥವಾ ನೌಕರಿ, ಓದು, ಸಂಸಾರಕ್ಕೆ ಅಡ್ಡಿಯಾಗುತ್ತಿದ್ದರೆ ಅದನ್ನು ಕಾಯಿಲೆಯೆಂದೇ ಎಣಿಸುತ್ತಾರೆ. ಇದು ಅಪರೂಪದ್ದೂ ಅಲ್ಲ: ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಬರುತ್ತದೆ. ಬಹುಮಟ್ಟಿಗೆ ಹರೆಯದಲ್ಲಿ ಶುರುವಾಗುತ್ತದೆ, ಗಂಡುಮಕ್ಕಳಲ್ಲಿ ಹತ್ತು ವರ್ಷಕ್ಕೂ ಮುಂಚೆ ಕಾಣಿಸಿಕೊಳ್ಳುವುದುಂಟು.

ಚಿಕಿತ್ಸೆ ಆರಿಸುವ ಮುಂಚೆ ತೀವ್ರತೆಯನ್ನು ಅಳೆಯಬೇಕು. ಇದಕ್ಕೆ 1989ರಿಂದ ಬಳಕೆಯಲ್ಲಿರುವ ಯೇಲ್-ಬ್ರೌನ್ ಮಾಪಕದಲ್ಲಿ ಹತ್ತು ಪ್ರಶ್ನೆಗಳು, ಒಟ್ಟು 40 ಅಂಕಗಳು. 8ರಿಂದ 15 ಬಂದರೆ ಸೌಮ್ಯ, 16ರಿಂದ 23 ಮಧ್ಯಮ, 24ರಿಂದ 31 ತೀವ್ರ, ಅದಕ್ಕೂ ಮೇಲೆ ಅತಿತೀವ್ರ. ಮೊದಲ ಭೇಟಿಯಲ್ಲೇ ಈ ಅಂಕವನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಮೂರು ತಿಂಗಳ ನಂತರ “ಸ್ವಲ್ಪ ಆರಾಮ ಅನಸ್ತೈತಿ” ಎಂಬ ಮಾತಿಗೂ 28 ಇದ್ದದ್ದು 17ಕ್ಕೆ ಇಳಿದಿದೆ ಎಂಬ ಮಾತಿಗೂ ಬಹಳ ಅಂತರವಿದೆ. ಅಂಕ ಶೇ. 35ರಷ್ಟು ತಗ್ಗಿದರೆ ಚಿಕಿತ್ಸೆ ಹಿಡಿದಿದೆ ಎಂದು ತಜ್ಞರು ಎಣಿಸುತ್ತಾರೆ.

ಇಆರ್‌ಪಿ: ಎದುರಿಸುವುದು, ತಡೆಹಿಡಿಯುವುದು

ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಶನ್ ಎಂಬುದು ಇದರ ಪೂರ್ತಿ ಹೆಸರು. ಯೋಚನೆ ಮತ್ತು ವರ್ತನೆಯನ್ನು ಬದಲಿಸಲು ಕಲಿಸುವ ಸಿಬಿಟಿ ಎಂಬ ಮನಶ್ಚಿಕಿತ್ಸೆಗಳ ದೊಡ್ಡ ಮನೆತನದ ಒಂದು ಕವಲು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ, ಬೇರೆ ಯಾವ ಚಿಕಿತ್ಸೆಗೂ ಬಗ್ಗದ ಇಬ್ಬರು ರೋಗಿಗಳನ್ನು ಅವರು ಹೆದರುವ ಸನ್ನಿವೇಶದಲ್ಲೇ ಇರಿಸಿ, ಆಚರಣೆ ಮಾಡದಂತೆ ತಡೆದು ಸುಧಾರಿಸಿದ್ದನ್ನು ವರದಿ ಮಾಡಿದ. ಅಲ್ಲಿಯವರೆಗೆ ಇದು ಗುಣವಾಗದ ಕಾಯಿಲೆಯೆಂದೇ ಹೆಚ್ಚಿನವರು ಕೈಬಿಟ್ಟಿದ್ದರು.

ಇದರ ತರ್ಕ ಸರಳವಾದದ್ದು. ಕಳವಳ ಬಂದಾಗ ಕೈ ತೊಳೆದರೆ ಕ್ಷಣಕಾಲ ಹಾಯೆನಿಸುತ್ತದೆ, ಆ ಹಾಯೇ ಮುಂದಿನ ಸಲ ಮತ್ತೆ ತೊಳೆಯಲು ಕಲಿಸುತ್ತದೆ. ತೊಳೆಯದೆ ಇದ್ದರೂ ಏನೂ ಆಗುವುದಿಲ್ಲ ಎಂಬುದನ್ನು ಕಲಿಯುವ ಅವಕಾಶವೇ ಮಿದುಳಿಗೆ ಸಿಗುವುದಿಲ್ಲ. ಇಆರ್‌ಪಿ ಆ ಅವಕಾಶವನ್ನು ಒದಗಿಸುತ್ತದೆ. ರೋಗಿ ಮತ್ತು ಚಿಕಿತ್ಸಕರು ಕೂಡಿ ಭಯಗಳ ಏಣಿಯೊಂದನ್ನು ಬರೆಯುತ್ತಾರೆ, ಪ್ರತಿ ಮೆಟ್ಟಿಲಿಗೂ 0ಯಿಂದ 100ರವರೆಗೆ ಅಂಕ ಕೊಡುತ್ತಾರೆ, ಕೆಳಗಿನ ಅಥವಾ ನಡುವಿನ ಮೆಟ್ಟಿಲಿನಿಂದ ಏರಲು ತೊಡಗುತ್ತಾರೆ.

ತಮ್ಮನ ಏಣಿಯಲ್ಲಿ ಐದು ರೂಪಾಯಿಯ ನಾಣ್ಯಕ್ಕೆ 35, ಚಿಗರಿ ಬಸ್ಸಿನ ಕಂಬಿಗೆ 50, ಹಳೆಯ ಹತ್ತರ ನೋಟಿಗೆ 70, ನೋಟು ಮುಟ್ಟಿದ ಕೈಯಿಂದ ಊಟ ಮಾಡುವುದಕ್ಕೆ 95 ಇತ್ತು. ಮೊದಲ ದಿನ ಅವನು ಆ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು, ಆಮೇಲೆ ಅದೇ ಕೈಯನ್ನು ಅಂಗಿಗೆ, ಕೆನ್ನೆಗೆ ಒರೆಸಿಕೊಂಡು, ಚಿಕಿತ್ಸಕಿಯ ಎದುರು ಮುಕ್ಕಾಲು ತಾಸು ಕುಳಿತ. ಪ್ರತಿ ಐದು ನಿಮಿಷಕ್ಕೊಮ್ಮೆ ಅವರು ಕಳವಳದ ಅಂಕ ಕೇಳುತ್ತಿದ್ದರು, ಅವನು ಹೇಳುತ್ತಿದ್ದ. “ಏನೂ ಆಗಂಗಿಲ್ಲ” ಎಂದು ಅವರು ಒಮ್ಮೆಯೂ ಸಮಾಧಾನ ಹೇಳಲಿಲ್ಲ. ಹಾಗೆ ಹೇಳಿದ್ದರೆ ಆ ಸಮಾಧಾನವೇ ಅವನಿಗೊಂದು ಆಚರಣೆಯಾಗುತ್ತಿತ್ತು. ಅಂಕ ಇಳಿಯುವ ಮುಂಚೆ ಏರಿತು, 60ರವರೆಗೆ ಹೋಯಿತು, ಕೊನೆಗೆ 30ಕ್ಕೆ ಬಂತು. ಮನೆಯಲ್ಲಿ ಅದನ್ನೇ ದಿನಕ್ಕೆರಡು ಸಲ ಮಾಡುವುದು ಹೋಂವರ್ಕ್. ಹನ್ನೊಂದನೆಯ ಭೇಟಿಯ ದಿನ ಅವನು ಹತ್ತರ ನೋಟನ್ನು ಅಂಗೈಯಲ್ಲಿ ಉಜ್ಜಿ, ಬಚ್ಚಲಿಗೆ ಹೋಗದೆ, ಅದೇ ಕೈಯಿಂದ ಒಂದು ತಾಟು ಗಿರಮಿಟ್ ತಿಂದ. ಕಣ್ಣಲ್ಲಿ ನೀರು ಬರುತ್ತಿತ್ತು, ಮೆಣಸಿನಕಾಯಿಯಿಂದಲೋ ಭಯದಿಂದಲೋ ನಾನು ಕೇಳಲಿಲ್ಲ.

ಸಾಮಾನ್ಯವಾಗಿ 12ರಿಂದ 20 ಭೇಟಿಗಳು, ಪ್ರತಿಯೊಂದೂ 60ರಿಂದ 90 ನಿಮಿಷ. ಮನಸ್ಸಿನೊಳಗಿನ ಗೀಳುಗಳಿಗೂ ಇದೇ ಚಿಕಿತ್ಸೆ ನಡೆಯುತ್ತದೆ. ಅಂಥವರು ತಮ್ಮನ್ನು ಹೆದರಿಸುವ ಯೋಚನೆಯನ್ನು ಬರೆದು ಮತ್ತೆ ಮತ್ತೆ ಓದುತ್ತಾರೆ, ಅಥವಾ ಸ್ವಂತ ದನಿಯಲ್ಲಿ ಮುದ್ರಿಸಿಕೊಂಡು ಕೇಳುತ್ತಾರೆ, ಪ್ರಾಯಶ್ಚಿತ್ತದ ಜಪವನ್ನು ಮಾತ್ರ ಮಾಡುವುದಿಲ್ಲ. ಇಆರ್‌ಪಿಯ ದೊಡ್ಡ ಲಾಭವೆಂದರೆ ಕಲಿತದ್ದು ಚಿಕಿತ್ಸೆ ಮುಗಿದ ಮೇಲೂ ಕೈಯಲ್ಲಿ ಉಳಿಯುವುದು. ಕಷ್ಟವೆಂದರೆ ಅದು ನಿಜಕ್ಕೂ ಕಷ್ಟ. ಕಾಲು ಭಾಗದಷ್ಟು ಜನ ಒಪ್ಪುವುದೇ ಇಲ್ಲ ಅಥವಾ ನಡುವೆ ಬಿಡುತ್ತಾರೆ ಎಂಬುದು ಈ ಕ್ಷೇತ್ರದವರ ಸಾಮಾನ್ಯ ಲೆಕ್ಕ. ತೀವ್ರ ಖಿನ್ನತೆಯಲ್ಲಿ ಮುಳುಗಿದವರಿಗೆ ಹೋಂವರ್ಕ್ ಮಾಡುವ ಕಸುವೇ ಇರುವುದಿಲ್ಲ.

ಗುಳಿಗೆ: ಪ್ರಮಾಣ ಮತ್ತು ತಾಳ್ಮೆ

ಫ್ಲೂಆಕ್ಸೆಟಿನ್, ಸರ್ಟ್ರಲಿನ್, ಫ್ಲೂವಾಕ್ಸಮಿನ್, ಪ್ಯಾರಾಕ್ಸೆಟಿನ್, ಎಸ್ಸಿಟಲೋಪ್ರಾಂ ಈ ಗುಂಪಿನ ಹೆಸರುಗಳು. ಖಿನ್ನತೆಗೂ ಇವನ್ನೇ ಕೊಡುತ್ತಾರೆ. ಆದರೆ ಗೀಳಿಗೆ ಕೊಡುವ ರೀತಿ ಎರಡು ವಿಷಯಗಳಲ್ಲಿ ಬೇರೆ, ಮತ್ತು ನಮ್ಮ ಮನೆಯವರು ಎಡವಿದ್ದು ಈ ಎರಡರಲ್ಲೇ.

ಮೊದಲನೆಯದು ಪ್ರಮಾಣ. ಖಿನ್ನತೆಗೆ ಸಾಕಾಗುವ 20 ಮಿಲಿಗ್ರಾಂ ಫ್ಲೂಆಕ್ಸೆಟಿನ್ ಗೀಳಿಗೆ ಬಹಳ ಸಲ ಸಾಲುವುದಿಲ್ಲ, 40ರಿಂದ 80ರವರೆಗೆ ಏರಿಸಬೇಕಾಗುತ್ತದೆ. ಸರ್ಟ್ರಲಿನ್ 200ರವರೆಗೆ, ಫ್ಲೂವಾಕ್ಸಮಿನ್ 300ರವರೆಗೆ ಹೋಗುವುದುಂಟು. ಎರಡನೆಯದು ಸಮಯ. ಖಿನ್ನತೆಯಲ್ಲಿ ಮೂರ್ನಾಲ್ಕು ವಾರಕ್ಕೆ ಕಾಣುವ ಫಲ ಇಲ್ಲಿ ಎಂಟರಿಂದ ಹನ್ನೆರಡು ವಾರ ತೆಗೆದುಕೊಳ್ಳಬಹುದು. ಹನ್ನೆರಡು ವಾರ ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳದೆ ಒಂದು ಗುಳಿಗೆಯನ್ನು “ಹತ್ತಲಿಲ್ಲ” ಎಂದು ಬಿಡುವುದು ಅವಸರದ ತೀರ್ಮಾನ. ತಮ್ಮ 20 ಮಿಲಿಗ್ರಾಂ ಗುಳಿಗೆಯನ್ನು ಐದು ವಾರ ನುಂಗಿ ಬಿಟ್ಟ. ಅದನ್ನು ಬರೆದುಕೊಟ್ಟ ಕಡೆ ಎಷ್ಟು ದಿನ ಕಾಯಬೇಕೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮೊದಲೆರಡು ವಾರ ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆಯ ಏರುಪೇರು, ಕಳವಳ ತುಸು ಹೆಚ್ಚಿದಂತೆನಿಸುವುದು ಇರುತ್ತದೆ. ಇವು ಬಹುಮಟ್ಟಿಗೆ ತಾವಾಗಿ ಇಳಿಯುತ್ತವೆ. ಲೈಂಗಿಕ ಆಸಕ್ತಿ ತಗ್ಗುವುದು ಮಾತ್ರ ಹಾಗೆಯೇ ಉಳಿಯಬಹುದು. ಇದನ್ನು ಹೇಳಲು ನಾಚಿ, ವೈದ್ಯರಿಗೆ ತಿಳಿಸದೆ ಗುಳಿಗೆ ಬಿಡುವ ಗಂಡಸರು ಹೆಂಗಸರು ಅನೇಕ. ಹೇಳಿದರೆ ಪ್ರಮಾಣ ಅಥವಾ ಗುಳಿಗೆ ಬದಲಿಸಲು ದಾರಿಗಳಿವೆ. 25 ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚುವ ಸಾಧ್ಯತೆ ಇರುವುದರಿಂದ ಮನೆಯವರು ಗಮನವಿಟ್ಟು ನೋಡಬೇಕು. ಇವು ಚಟ ಹತ್ತಿಸುವ ಗುಳಿಗೆಗಳಲ್ಲ. ಆದರೂ ಥಟ್ಟನೆ ನಿಲ್ಲಿಸಿದರೆ ತಲೆತಿರುಗು, ಕಿರಿಕಿರಿ ಬರುವುದರಿಂದ ನಿಧಾನವಾಗಿ ಇಳಿಸಬೇಕು. ಆರಾಮಾದ ಮೇಲೂ ಕನಿಷ್ಠ ಒಂದೆರಡು ವರ್ಷ ಮುಂದುವರಿಸಲು ಹೇಳುತ್ತಾರೆ, ಏಕೆಂದರೆ ಬೇಗ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುವುದು ಸಾಮಾನ್ಯ.

ಪಕ್ಕಪಕ್ಕದಲ್ಲಿಟ್ಟು ನೋಡಿದಾಗ

2005ರಲ್ಲಿ ಎಡ್ನಾ ಫೋವಾ ಮತ್ತು ಸಂಗಡಿಗರು ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ವಯಸ್ಕ ರೋಗಿಗಳನ್ನು ನಾಲ್ಕು ಗುಂಪು ಮಾಡಿದ್ದರು. ಇಆರ್‌ಪಿ ಪಡೆದವರಲ್ಲಿ ಶೇ. 62, ಕ್ಲೋಮಿಪ್ರಮಿನ್ ಎಂಬ (ಎಸ್‌ಎಸ್‌ಆರ್‌ಐ ಗುಂಪಿಗೆ ಸೇರದ) ಗುಳಿಗೆ ಪಡೆದವರಲ್ಲಿ ಶೇ. 42, ಎರಡನ್ನೂ ಪಡೆದವರಲ್ಲಿ ಶೇ. 70 ಜನರಿಗೆ ಗುಣ ಕಂಡಿತು. ಔಷಧವಿಲ್ಲದ ಹುಸಿಗುಳಿಗೆಯಲ್ಲಿ ಶೇ. 8 ಮಾತ್ರ. ಈ ಅಂಕಿಗಳನ್ನು ನೋಡಿ ಇಆರ್‌ಪಿಯೇ ಗೆದ್ದಿತು ಎಂದುಬಿಡುವ ಮುನ್ನ ಒಂದು ಮಾತು: ಅಲ್ಲಿ ಇಆರ್‌ಪಿ ಮಾಡಿಸಿದವರು ನುರಿತ ತಜ್ಞರು, ಮೊದಲ ನಾಲ್ಕು ವಾರ ಹೆಚ್ಚುಕಡಿಮೆ ಪ್ರತಿದಿನವೂ ತಲಾ ಎರಡು ತಾಸಿನ ಭೇಟಿ. ಗಜೇಂದ್ರಗಡದಿಂದಲೋ ಹಾನಗಲ್ಲಿನಿಂದಲೋ ತಿಂಗಳಿಗೊಮ್ಮೆ ಬರಬಲ್ಲ ರೋಗಿಗೆ ಅದೇ ಫಲ ಸಿಗುತ್ತದೆಂದು ಹೇಳಲಾಗದು. ಗುಳಿಗೆ ಮಾತ್ರ ಯಾವ ಊರಿನಲ್ಲಿ ನುಂಗಿದರೂ ಅದೇ ಗುಳಿಗೆ.

ಮಕ್ಕಳ ವಿಷಯದಲ್ಲಿ 2004ರ ಇನ್ನೊಂದು ಅಮೆರಿಕನ್ ಅಧ್ಯಯನದ ಅಂತರ ಇನ್ನೂ ಸ್ಪಷ್ಟ: ಸರ್ಟ್ರಲಿನ್ ಒಂದರಿಂದಲೇ ಪೂರ್ತಿ ಚೇತರಿಸಿದವರು ಸುಮಾರು ಶೇ. 21, ಸಿಬಿಟಿಯಿಂದ ಶೇ. 39, ಎರಡೂ ಕೂಡಿದಾಗ ಶೇ. 54. ಆದ್ದರಿಂದ ಮಕ್ಕಳಿಗೆ ಸಾಧ್ಯವಿದ್ದಲ್ಲೆಲ್ಲ ಮನಶ್ಚಿಕಿತ್ಸೆಯಿಂದಲೇ ಆರಂಭಿಸುವುದು ಸರಿಯೆಂದು ನನ್ನ ಅಭಿಪ್ರಾಯ. 2013ರಲ್ಲಿ ಬಂದ ಮೂರನೆಯ ಅಧ್ಯಯನ ನಮ್ಮಂಥ ಕುಟುಂಬಗಳಿಗೆ ಹೆಚ್ಚು ಮುಖ್ಯ. ಎಸ್‌ಎಸ್‌ಆರ್‌ಐ ತೆಗೆದುಕೊಂಡೂ ಪೂರ್ತಿ ಗುಣವಾಗದವರಿಗೆ ಅದರ ಮೇಲೆ ಇಆರ್‌ಪಿ ಸೇರಿಸಿದಾಗ ಶೇ. 80 ಜನ ಸುಧಾರಿಸಿದರು. ರಿಸ್ಪೆರಿಡೋನ್ ಎಂಬ ಇನ್ನೊಂದು ಗುಳಿಗೆ ಸೇರಿಸಿದಾಗ ಶೇ. 23, ಹುಸಿಗುಳಿಗೆ ಸೇರಿಸಿದಾಗ ಶೇ. 15. ಚೀಟಿಯಲ್ಲಿ ಎರಡನೆಯ, ಮೂರನೆಯ ಗುಳಿಗೆ ಸೇರುತ್ತಾ ಹೋಗಿ, ಇಆರ್‌ಪಿಯ ಹೆಸರೇ ಬಾರದಿದ್ದರೆ ನೀವೇ ಅದನ್ನು ಎತ್ತಬೇಕು.

ಗುಳಿಗೆ ಮಿದುಳಿಗೆ, ಮಾತು ಮನಸ್ಸಿಗೆ ಎಂದು ಭಾಗ ಮಾಡುವವರಿಗೆ 1992ರ ಒಂದು ಸ್ಕ್ಯಾನ್ ಅಧ್ಯಯನದ ವಿಷಯ ಹೇಳಬೇಕು. ಫ್ಲೂಆಕ್ಸೆಟಿನ್ ಪಡೆದವರಲ್ಲಿಯೂ ವರ್ತನಾ ಚಿಕಿತ್ಸೆ ಪಡೆದವರಲ್ಲಿಯೂ, ಗುಣವಾದಾಗ ಮಿದುಳಿನ ಕಾಡೇಟ್ ಎಂಬ ಒಂದೇ ಭಾಗದ ಅತಿಯಾದ ಚಟುವಟಿಕೆ ತಗ್ಗಿತ್ತು.

ಹೀಗಾಗಿ, ಕಾಯಿಲೆ ಸೌಮ್ಯವಾಗಿದ್ದು ಹೋಂವರ್ಕ್ ಮಾಡುವ ಮನಸ್ಸಿದ್ದವರು ಇಆರ್‌ಪಿ ಒಂದರಿಂದಲೇ ಆರಂಭಿಸಬಹುದು. ಮಧ್ಯಮ ತೀವ್ರತೆಯಲ್ಲಿ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಸಿಗುವುದೇನು, ಮನಸ್ಸು ಒಪ್ಪುವುದೇನು ಎಂಬುದೇ ನಿರ್ಧಾರಕ. ಅಂಕ 24ನ್ನು ದಾಟಿದ್ದರೆ, ಜೊತೆಗೆ ಖಿನ್ನತೆಯಿದ್ದರೆ, ಊಟ ಸ್ನಾನಗಳೇ ನಿಂತುಹೋಗಿದ್ದರೆ ಮೊದಲು ಗುಳಿಗೆ ಶುರುವಾಗಲಿ, ಕಳವಳ ಸ್ವಲ್ಪ ತಗ್ಗಿದ ಮೇಲೆ ಇಆರ್‌ಪಿ ಕೂಡಲಿ. ತಮ್ಮನಿಗೆ ಕೊನೆಗೂ ಹಿಡಿದದ್ದು ಈ ದಾರಿಯೇ. ಬಸಿರಿಯರು ಮತ್ತು ಹಾಲುಣಿಸುವ ತಾಯಂದಿರಿಗೆ ಇಆರ್‌ಪಿಯೇ ಮೊದಲ ಯೋಚನೆ. ಗುಳಿಗೆ ಬೇಕೇಬೇಕಾದರೆ ಸರ್ಟ್ರಲಿನ್‌ನಂಥವುಗಳನ್ನು ವೈದ್ಯರು ಪರಿಗಣಿಸುತ್ತಾರೆ, ಬಸಿರಿನಲ್ಲಿ ಪ್ಯಾರಾಕ್ಸೆಟಿನ್ನನ್ನು ಸಾಧ್ಯವಾದಷ್ಟು ದೂರವಿಡುತ್ತಾರೆ. ಈಗಾಗಲೇ ಗುಳಿಗೆ ತೆಗೆದುಕೊಳ್ಳುತ್ತಿರುವವರು ಬಸಿರಾದೆವೆಂದು ತಾವಾಗಿಯೇ ನಿಲ್ಲಿಸಬಾರದು.

ಚಿಕಿತ್ಸೆಯಂತೆ ಕಂಡರೂ ಚಿಕಿತ್ಸೆಯಲ್ಲದವು

ನಿದ್ದೆಗುಳಿಗೆ ಮತ್ತು ಆತಂಕ ತಗ್ಗಿಸುವ ಆಲ್‌ಪ್ರಜೋಲಂ, ಕ್ಲೋನಜಪಂ ಗುಳಿಗೆಗಳು ಗೀಳನ್ನು ಗುಣಪಡಿಸುವುದಿಲ್ಲ, ಚಟ ಹತ್ತಿಸುತ್ತವೆ. “ಮನಸ್ಸು ಗಟ್ಟಿ ಮಾಡಿಕೋ, ಬ್ಯಾರೆ ಕಡೆ ಲಕ್ಷ್ಯ ಕೊಡು” ಎಂಬ ಸಲಹೆ ಪ್ರೀತಿಯಿಂದಲೇ ಬರುತ್ತದೆ. ಆದರೆ ಅದು ಇಆರ್‌ಪಿ ಅಲ್ಲ. ಸಿದ್ಧಾರೂಢರ ಮಠಕ್ಕೆ ಹೋಗಿ ಕುಳಿತರೆ ಅವ್ವನಿಗೆ ಧೈರ್ಯ ಬರುತ್ತಿತ್ತು, ಆ ಧೈರ್ಯ ಮನೆಗೆ ಬೇಕಾಗಿತ್ತು, ಹರಕೆ ಹೊತ್ತವರು ಗುಳಿಗೆಯನ್ನು ಬಿಡದಿದ್ದರೆ ಸಾಕು. ಕೌನ್ಸೆಲಿಂಗ್ ಎಂಬ ಫಲಕ ನೋಡಿ ಒಳಗೆ ಹೋದಾಗ ಮೂರು ಪ್ರಶ್ನೆ ಕೇಳಿರಿ: ಗೀಳಿನ ರೋಗಿಗಳಿಗೆ ಇಆರ್‌ಪಿ ಮಾಡಿಸಿದ್ದೀರಾ? ಏಣಿ ಬರೆಸುತ್ತೀರಾ? ಭೇಟಿಗಳ ನಡುವೆ ಮನೆಯಲ್ಲಿ ಏನು ಮಾಡಬೇಕು? ಈ ಮೂರಕ್ಕೆ ನಿಚ್ಚಳ ಉತ್ತರ ಸಿಗದಿದ್ದರೆ ಅದು ಸರಿಯಾದ ಸ್ಥಳವಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಅದನ್ನು ಕೇಳಿ ನೋಡುವುದು ಅವಮಾನದ ಮಾತಲ್ಲ.

ನಮ್ಮ ಕಡೆ ಎಲ್ಲಿಗೆ ಹೋಗುವುದು

ನಮ್ಮ ಭಾಗದಲ್ಲಿ ಜಗಳಕ್ಕೆ ನಿಂತವರು “ಇವನ್ನ ಧಾರವಾಡಕ್ಕ ಕಳಸಬೇಕು” ಎಂದು ಬೈಯುವುದುಂಟು. ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೇ ಆ ಬೈಗುಳದ ಮೂಲ. ಇಂದು ಡಿಮ್ಹಾನ್ಸ್ ಆಗಿರುವ ಅದೇ ಆವರಣದಲ್ಲಿ ಮನೋವೈದ್ಯಕೀಯ ಮತ್ತು ಕ್ಲಿನಿಕಲ್ ಸೈಕಾಲಜಿ ವಿಭಾಗಗಳೆರಡೂ ಒಂದೇ ಕಡೆ ಇವೆ. ಗುಳಿಗೆ ಮತ್ತು ಇಆರ್‌ಪಿ ಎರಡೂ ಬೇಕಾದ ರೋಗಿಗೆ ಇದು ದೊಡ್ಡ ಅನುಕೂಲ. ಆ ಬೈಗುಳಕ್ಕೆ ಹೆದರಿ ನಾವು ಆ ಗೇಟಿನೊಳಗೆ ಹೋಗಲು ಹಿಂಜರಿದದ್ದು ನನಗೆ ಇವತ್ತಿಗೂ ಬೇಸರದ ಸಂಗತಿ. ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಸಾಮಾನ್ಯ ಆಸ್ಪತ್ರೆಯೊಳಗೇ ಇರುವುದರಿಂದ ಹೆಸರು ಕೆಡುವ ಅಂಜಿಕೆಯುಳ್ಳವರಿಗೆ ಅಲ್ಲಿಗೆ ಹೋಗುವುದು ಸುಲಭವೆನಿಸುತ್ತದೆ. ಗದಗ, ಹಾವೇರಿಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರನ್ನು ಕಾಣಬಹುದು. ಗುಳಿಗೆ ಆರಂಭಿಸಲು ಮತ್ತು ಮುಂದುವರಿಸಲು ಅಷ್ಟು ಸಾಕು, ಪ್ರತಿ ತಿಂಗಳು ಧಾರವಾಡಕ್ಕೆ ಬರುವ ಬಸ್ಸಿನ ಖರ್ಚೂ ಒಂದು ದಿನದ ಕೂಲಿಯೂ ಉಳಿಯುತ್ತವೆ.

ಖಾಸಗಿ ಕ್ಲಿನಿಕ್ಕಿನಲ್ಲಿ ಕಾಯುವ ಹೊತ್ತು ಕಡಿಮೆ, ಅದೇ ವೈದ್ಯರು ಪ್ರತಿಸಲ ಸಿಗುತ್ತಾರೆ. ಆದರೆ ವಾರಕ್ಕೊಂದರಂತೆ ಹದಿನಾರು ಭೇಟಿಗಳ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು, ಎಂಟಕ್ಕೆ ಹಣ ಮುಗಿದು ನಿಲ್ಲಿಸುವುದಕ್ಕಿಂತ ಸರ್ಕಾರಿ ವಿಭಾಗದಲ್ಲಿ ಹೆಸರು ಹಚ್ಚಿ ಕಾಯುವುದು ಲೇಸು. ವಿಡಿಯೊ ಕರೆಯ ಮೂಲಕ ಮಾಡುವ ಇಆರ್‌ಪಿ ನೇರ ಭೇಟಿಗಿಂತ ಹೆಚ್ಚೇನೂ ಕಡಿಮೆಯಲ್ಲ. ರೋಗಿ ತನ್ನದೇ ಬಚ್ಚಲು, ತನ್ನದೇ ಅಡುಗೆಮನೆಯ ಮುಂದೆ ನಿಂತು ಅಭ್ಯಾಸ ಮಾಡಬಹುದಾದ್ದರಿಂದ ಕೆಲವೊಮ್ಮೆ ಇದೇ ಮೇಲು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಇಲ್ಲಿಯ ಚಿಕಿತ್ಸೆ ಪೂರ್ತಿಯಾಗಿ ನಡೆದೂ ಫಲ ಕಾಣದವರು ಅಲ್ಲಿಗೆ ಹೋಗುವುದು ಸರಿ. ಯಾವ ಬಾಗಿಲು ತಟ್ಟಬೇಕೆಂದೇ ತಿಳಿಯದವರು, ಆತ್ಮಹತ್ಯೆಯ ಯೋಚನೆ ಬರುತ್ತಿರುವವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಟೆಲಿಮಾನಸ್ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ. ಆರೋಗ್ಯ ವಿಮೆ ಇದ್ದವರು ತಮ್ಮ ಪಾಲಿಸಿಯನ್ನು ತೆಗೆದು ಓದಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು.

ಮೊದಲ ಆಯ್ಕೆ ಫಲಿಸದಿದ್ದರೆ

ಒಂದು ಎಸ್‌ಎಸ್‌ಆರ್‌ಐ ಪೂರ್ತಿ ಪ್ರಮಾಣದಲ್ಲಿ ಹನ್ನೆರಡು ವಾರ ಕೊಟ್ಟೂ ಫಲ ಬಾರದಿದ್ದರೆ ಅದೇ ಗುಂಪಿನ ಇನ್ನೊಂದಕ್ಕೆ ಬದಲಿಸುತ್ತಾರೆ, ಇಆರ್‌ಪಿ ಇಲ್ಲದಿದ್ದರೆ ಸೇರಿಸುತ್ತಾರೆ. ಆಮೇಲೆ ಬರುವುದು ಕ್ಲೋಮಿಪ್ರಮಿನ್. ಗೀಳಿನ ಮೇಲೆ ಕೆಲಸ ಮಾಡುತ್ತದೆಂದು ಮೊದಲು ಕಂಡುಕೊಂಡ, ಈಗಲೂ ಬಲವಾದ ಔಷಧ. ಬಾಯಿ ಒಣಗುವುದು, ಮಲಬದ್ಧತೆ, ಮಂಪರು ಇದರಲ್ಲಿ ಹೆಚ್ಚು. ಹೃದಯದ ಬಡಿತದ ಮೇಲೂ ಪರಿಣಾಮವಿರುವುದರಿಂದ ಇಸಿಜಿ ಮಾಡಿಸಿ ಕೊಡುತ್ತಾರೆ. ಅಲ್ಪ ಪ್ರಮಾಣದ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಸೇರಿಸುವುದು ಇನ್ನೊಂದು ಹೆಜ್ಜೆ. ಇವು ಬೇರೆ ಮನೋರೋಗಗಳಿಗೂ ಕೊಡುವ ಗುಳಿಗೆಗಳಾದ್ದರಿಂದ ಚೀಟಿಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ ಗಾಬರಿಯಾಗಬೇಕಿಲ್ಲ. ತಲೆಯ ಮೇಲಿಟ್ಟ ಸುರುಳಿಯಿಂದ ಕಾಂತೀಯ ಮಿಡಿತ ಕೊಡುವ ಟಿಎಂಎಸ್‌ಗೆ ಅಮೆರಿಕದಲ್ಲಿ 2018ರಲ್ಲಿ ಒಸಿಡಿಗೆಂದು ಅನುಮತಿ ಸಿಕ್ಕಿದೆ. ಮಿದುಳಿನೊಳಗೆ ವಿದ್ಯುದಗ್ರ ಇಡುವ ಶಸ್ತ್ರಚಿಕಿತ್ಸೆ ಎಲ್ಲ ದಾರಿಗಳೂ ಮುಚ್ಚಿದ ಬೆರಳೆಣಿಕೆಯ ರೋಗಿಗಳಿಗೆ ಮಾತ್ರ.

ಮನೆಯವರ ಪಾಲು

ಯಾವ ಚಿ​ಕಿತ್ಸೆ ಆರಿಸಿದರೂ ಮನೆಯವರು ಆಚರಣೆಗೆ ಕೈಜೋಡಿಸುತ್ತಿದ್ದರೆ ಅದು ಕುಂಟುತ್ತದೆ. ನಾನು ತಮ್ಮನಿಗಾಗಿ ಬಾಗಿಲ ಚಿಲಕ ತೆಗೆಯುತ್ತಿದ್ದೆ, ಅವ್ವ ಅವನ ತಾಟನ್ನು ಮೂರು ಸಲ ತೊಳೆಯುತ್ತಿದ್ದಳು, ಹಗಲಿಗೆ ಇಪ್ಪತ್ತು ಸಲ “ಅಕ್ಕಾ, ನಾ ಅದನ್ನ ಮುಟ್ಟಿಲ್ಲ ಹೌದಿಲ್ಲೋ?” ಎಂಬ ಪ್ರಶ್ನೆಗೆ “ಇಲ್ಲಪಾ, ಮುಟ್ಟಿಲ್ಲ” ಎನ್ನುತ್ತಿದ್ದೆ. ಪ್ರತಿ ಉತ್ತರವೂ ಅವನ ಗೀಳಿಗೆ ಒಂದು ತುತ್ತು. ಬೈದು ಒಮ್ಮೆಲೇ ನಿಲ್ಲಿಸುವುದೂ ದಾರಿಯಲ್ಲ. ಚಿಕಿತ್ಸಕಿಯ ಎದುರು ನಾವು ಮೂವರೂ ಕುಳಿತು ಒಪ್ಪಂದ ಮಾಡಿಕೊಂಡೆವು: ಮೊದಲ ವಾರ ಐದು ಸಲ ಮಾತ್ರ ಉತ್ತರ, ಎರಡನೆಯ ವಾರ ಮೂರು, ಆಮೇಲೆ ಉತ್ತರವಿಲ್ಲ, ಬದಲಿಗೆ ನಾನು ಹೇಳಬೇಕಾದ ಒಂದೇ ವಾಕ್ಯವನ್ನು ಅವನೇ ಆರಿಸಿದ: “ಇದು ಗೀಳು ಕೇಳೂ ಪ್ರಶ್ನೆ, ತಮ್ಮಾ. ಬಾ, ಚಾ ಕುಡಿಯೂಣು.” ಮೊದಲ ದಿನಗಳಲ್ಲಿ ಅವನು ಚಹಾದ ಲೋಟವನ್ನು ಮುಟ್ಟದೆ ನನ್ನ ಬೆನ್ನು ಹತ್ತಿ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ಬರುತ್ತಿದ್ದ, ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅದೇ ವಾಕ್ಯ ಹೇಳುತ್ತಿದ್ದೆ. ಆರನೆಯ ವಾರದ ಹೊತ್ತಿಗೆ ಪ್ರಶ್ನೆ ದಿನಕ್ಕೆ ಎರಡು ಸಲಕ್ಕೆ ಇಳಿದಿತ್ತು.

ಈಗಲೂ ಅಂಗಡಿಯ ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ, ನಿದ್ದೆಗೆಟ್ಟಾಗ, ಗೀಳು ತಲೆಯೆತ್ತುತ್ತದೆ. ಆಗ ಅವನು ಹಳೆಯ ಏಣಿಯ ಹಾಳೆಯನ್ನು ಕಪಾಟಿನಿಂದ ತೆಗೆದು ಎರಡು ವಾರ ಮತ್ತೆ ಅಭ್ಯಾಸ ಮಾಡುತ್ತಾನೆ, ಬೇಕೆನಿಸಿದರೆ ಚಿಕಿತ್ಸಕಿಯನ್ನು ಒಂದೆರಡು ಸಲ ಕಂಡು ಬರುತ್ತಾನೆ. ಗುಳಿಗೆ ಇಳಿಸುವ ಮಾತು ಬಂದಾಗ ಆ ತಿಂಗಳನ್ನು ಬಿಟ್ಟು, ಮೂರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಸೋಣವೆಂದು ವೈದ್ಯರು ಹೇಳಿದ್ದಾರೆ. ಮೊನ್ನೆಯಷ್ಟೇ 150 ಮಿಲಿಗ್ರಾಂ ಇದ್ದದ್ದು 125ಕ್ಕೆ ಬಂದಿದೆ.